ರಕ್ತದ ಮಾತ್ರೆ

ಫಿಟ್ಸ್ ಬರುವವರಿಗೆ ತಮ್ಮ ಫಿಟ್ಸ್ ಹೇಗಿರುತ್ತದೆ ಎಂದು ಗೊತ್ತಿರುವುದಿಲ್ಲ. ನೋಡಿದವರು ಹೇಳಬೇಕು. ನೋಡಿದವರು ಸಾಮಾನ್ಯವಾಗಿ ಹೇಳುವುದಿಲ್ಲ, ಮುಖ ಬೇರೆ ಕಡೆ ತಿರುಗಿಸುತ್ತಾರೆ. ನನಗೆ ಮೊದಲ ಸಲ ಬಂದದ್ದು ಅರಸೀಕೆರೆಯಲ್ಲಿ ಪಿಯುಸಿ ಓದುವಾಗ, ಕಾಲೇಜಿನ ವರಾಂಡದಲ್ಲಿ. ಎಚ್ಚರವಾದಾಗ ಯಾರದೋ ಬೀಗದ ಕೈ ಗೊಂಚಲನ್ನು ನನ್ನ ಕೈಗೆ ಹಿಡಿಸಿದ್ದರು. ಮೂಗಿನ ಹತ್ತಿರ ಜಜ್ಜಿದ ಈರುಳ್ಳಿ, ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ, ಲಂಗ ಒದ್ದೆ. ಸುತ್ತ ನಿಂತಿದ್ದ ಗೆಳತಿಯರಲ್ಲಿ ಒಬ್ಬಳೂ ನನ್ನನ್ನು ನೇರವಾಗಿ ನೋಡಲಿಲ್ಲ.

ಮನೆಗೆ ತಂದು ಬಿಟ್ಟಾಗ ಅಮ್ಮ ಕೇಳಿದ ಮೊದಲ ಮಾತು, "ಯಾರ್ಯಾರ್ ನೋಡಿದ್ರೇ?" ಎಂದು.

ಆಗ ನನಗೆ ಸಿಟ್ಟು ಬಂದಿತ್ತು. ಮಗಳ ನಾಲಿಗೆ ತುಂಡಾಗುವ ಹಾಗೆ ಕಚ್ಚಿಕೊಂಡಿದೆ, ಇವಳು ನೋಡಿದವರ ಲೆಕ್ಕ ಕೇಳುತ್ತಾಳಲ್ಲ ಅಂತ. ಆದರೆ ಅಪ್ಪ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಅವರ ಪೆನ್ಷನ್ನಿನಲ್ಲಿ ಅಮ್ಮ ನನ್ನೊಬ್ಬಳನ್ನೇ ಸಾಕುತ್ತಿದ್ದಳು. ಈ ಹುಡುಗಿಯನ್ನು ಒಂದು ಮನೆ ಸೇರಿಸಬೇಕು ಎನ್ನುವುದನ್ನು ಬಿಟ್ಟರೆ ಅವಳ ತಲೆಯಲ್ಲಿ ಇನ್ನೇನೂ ಇರಲಿಲ್ಲ. ನಾಲಿಗೆ ವಾಸಿಯಾಗುತ್ತದೆ, ಮೂರ್ಛೆ ರೋಗದವಳು ಅನ್ನುವ ಹೆಸರು ವಾಸಿಯಾಗುವುದಿಲ್ಲ ಎಂದು ಅವಳು ಆ ಕ್ಷಣದಲ್ಲೇ ಲೆಕ್ಕ ಹಾಕಿದ್ದಳು.

ಹಾಸನದಿಂದ ವಾರಕ್ಕೊಮ್ಮೆ ಒಬ್ಬ ನರರೋಗದ ಡಾಕ್ಟರು ಅರಸೀಕೆರೆಗೆ ಬರುತ್ತಿದ್ದರು. ಅವರನ್ನು ನೋಡಲು ಹೋದಾಗ ಅಮ್ಮ ಸೆರಗನ್ನು ತಲೆ ಮೇಲೆ ಹೊದ್ದು, ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ಕೂರುತ್ತಿದ್ದಳು. ಪರಿಚಯದವರು ಯಾರಾದರೂ ಕಂಡರೆ, "ನಂಗೆ ಮಂಡಿ ನೋವು ಕಣ್ರೀ, ಇವಳು ಜೊತೇಗ್ ಬಂದವ್ಳೆ" ಅನ್ನುತ್ತಿದ್ದಳು. ಎದ್ದು ಒಳಗೆ ಹೋಗುವಾಗ ಆ ಮಂಡಿ ನೋವಿಗೆ ತಕ್ಕ ಹಾಗೆ ಕುಂಟುತ್ತಿದ್ದಳು ಕೂಡ. ನನಗೆ ನಗು ಬರುತ್ತಿತ್ತು. ನಕ್ಕರೆ ತೊಡೆ ಚಿವುಟುತ್ತಿದ್ದಳು.

ಮೊದಲು ಕೊಟ್ಟ ಮಾತ್ರೆಗೆ ನಾನು ಕ್ಲಾಸಿನಲ್ಲಿ ತಲೆ ಡೆಸ್ಕಿಗೆ ಬಡಿಯುವ ಹಾಗೆ ತೂಕಡಿಸಿದೆ. ಎರಡನೆಯದಕ್ಕೆ ವಸಡು ಉಬ್ಬಿ ಹಲ್ಲನ್ನು ಮುಚ್ಚತೊಡಗಿತು. ಮೂರನೆಯದು ವಾಲ್ಪ್ರೊಯೇಟ್. ಅದು ಹಿಡಿಯಿತು. ಫಿಟ್ಸ್ ನಿಂತೇಹೋಯಿತು. ಬದಲಿಗೆ ಹಸಿವು ಹೆಚ್ಚಿತು, ಮೈ ಬಂತು, ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು, ಕೈ ಸಣ್ಣಗೆ ನಡುಕ. ರಂಗೋಲಿಯಲ್ಲಿ ಎಳೆ ಎಳೆಯಲು ಹೋದರೆ ಹಾವು ಹರಿದ ಹಾಗೆ ಬರುತ್ತಿತ್ತು. ಅಮ್ಮ ನನಗೆ ಬರೀ ಚುಕ್ಕಿ ಇಡುವ ಕೆಲಸ ಕೊಟ್ಟು ಎಳೆ ತಾನೇ ಎಳೆದಳು. ನೆಲಕ್ಕೆ ಬೀಳದೆ ಬಸ್ಸು ಹತ್ತಬಹುದು, ಬಾವಿಕಟ್ಟೆಗೆ ಹೋಗಬಹುದು ಎನ್ನುವ ಸುಖದ ಮುಂದೆ ನನಗೆ ಅದೆಲ್ಲ ದೊಡ್ಡದು ಅನ್ನಿಸಲಿಲ್ಲ.

ಮದುವೆ ಗೊತ್ತಾದದ್ದು ಹಳೇಬೀಡಿನ ಹತ್ತಿರದ ಮಾದಿಹಳ್ಳಿಗೆ. ಹುಡುಗ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ನೋಡಲು ಬಂದವರು, "ಹುಡ್ಗಿ ಮೈಕೈ ತುಂಬ್ಕಂಡು ಲಕ್ಷಣವಾಗವ್ಳೆ" ಅಂದರು. ಆ ಮೈಕೈ ಮಾತ್ರೆಯದು ಎಂದು ಅವರಿಗೇನು ಗೊತ್ತು. ನಾನು ಅಮ್ಮನನ್ನು ಅಡುಗೆಮನೆಗೆ ಕರೆದು, "ಹೇಳ್ಬಿಡೋಣ ಕಣಮ್ಮ" ಅಂದೆ. ಅವಳು ಕಾಫಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಾ, "ಹೇಳು, ನಾಳೆಯಿಂದ ಇಬ್ರೂ ಮನೇಲೇ ಕ್ಯಾಲೆಂಡರ್ ನೋಡ್ಕಂಡ್ ಕೂರೋಣ" ಅಂದಳು. ನಾನು ತಟ್ಟೆ ಎತ್ತಿಕೊಂಡು ಹೊರಗೆ ಹೋದೆ.

ಹೊರಡುವ ದಿನ ಅಮ್ಮ ಮಾತ್ರೆಗಳನ್ನೆಲ್ಲ ಬೆಳ್ಳಿ ಕಾಗದದ ಶೀಟಿನಿಂದ ಒಂದೊಂದಾಗಿ ಬಿಡಿಸಿ ಸಣ್ಣದೊಂದು ಸ್ಟೀಲ್ ಡಬ್ಬಿಗೆ ತುಂಬಿದಳು. ಶೀಟಿನ ಮೇಲೆ ಹೆಸರಿರುತ್ತದಲ್ಲ, ಓದು ಬಂದವರು ಯಾರಾದರೂ ಓದಿಯಾರು ಎಂದು. ಅತ್ತೆಯ ಕೈಗೇ ಆ ಡಬ್ಬಿ ಕೊಟ್ಟು, "ಹುಡ್ಗೀಗೆ ಒಸಿ ರಕ್ತ ಕಮ್ಮಿ ಕಣ್ರಮ್ಮ. ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ಒಂದಿನಾನೂ ತಪ್ಪಿಸಂಗಿಲ್ಲ ಅಂದವ್ರೆ" ಅಂದಳು. ಅತ್ತೆ ಅದನ್ನು ತಾಂಬೂಲ ತೆಗೆದುಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡರು.

ನಮ್ಮತ್ತೆಯ ಬಗ್ಗೆ ಹೇಳಬೇಕು. ದೊಡ್ಡ ದನಿಯ ಹೆಂಗಸು. ಹಟ್ಟಿಯಲ್ಲಿ ಎಮ್ಮೆಯನ್ನು ಗದರಿದರೆ ಬಸ್‌ಸ್ಟಾಪಿಗೆ ಕೇಳುತ್ತಿತ್ತು. ಅವರಿಗೆ ಮೂವರೂ ಗಂಡುಮಕ್ಕಳು. ನಮ್ಮನೆಯವರೇ ಕೊನೆಯವರು. ದೊಡ್ಡವರಿಬ್ಬರು ಬೇರೆ ಊರಲ್ಲಿದ್ದರು, ಅವರಿಗೂ ಗಂಡುಮಕ್ಕಳೇ. "ನಮ್ಮನೇಲಿ ಒಂದು ಹೆಣ್ ಮಗಾ ಓಡಾಡಿಲ್ಲ ಕಣೇ, ಗೆಜ್ಜೆ ಸದ್ದೇ ಕೇಳಿಲ್ಲ" ಎಂದು ಬಂದ ವಾರದಲ್ಲೇ ನನ್ನ ಹತ್ತಿರ ಹೇಳಿಕೊಂಡರು. ಸೊಸೆಯನ್ನು ಗೋಳು ಹುಯ್ದುಕೊಳ್ಳುವ ಅತ್ತೆಯಂದಿರ ಕತೆ ಕೇಳಿಕೊಂಡು ಹೋಗಿದ್ದ ನನಗೆ ಇವರು ತಲೆಗೆ ಎಣ್ಣೆ ಹಚ್ಚಿ ಕೂರಿಸಿ, "ಇದೇನೇ, ಕೂದ್ಲು ಹಿಂಗ್ ಉದುರ್ತದೆ" ಎಂದು ಮರುಗಿದಾಗ ಅಳು ಬಂದುಬಿಟ್ಟಿತು.

ಮಾತ್ರೆಯ ಕೆಲಸವನ್ನು ಅವರು ತಮ್ಮದೇ ಮಾಡಿಕೊಂಡರು. ಬೆಳಿಗ್ಗೆ ಹಾಲು ಕರೆದು ಬಂದ ಮೇಲೊಂದು, ಸಂಜೆ ಹಾಲು ಕರೆದು ಬಂದ ಮೇಲೊಂದು. ಕೈ ತೊಳೆದು, ಡಬ್ಬಿ ಬಿಚ್ಚಿ, ಒಂದು ಲೋಟ ಬಿಸಿ ಹಾಲಿನ ಜೊತೆ ನನ್ನ ಅಂಗೈಗೆ ಹಾಕಿ, ನುಂಗುವ ತನಕ ಅಲ್ಲೇ ನಿಲ್ಲುತ್ತಿದ್ದರು. "ಇಷ್ಟ್ ಮೈ ಐತೆ, ರಕ್ತ ಎಲ್ಲೋಗಿತ್ತೋ ಕಾಣೆ" ಎಂದು ತಮಾಷೆ ಮಾಡುತ್ತಿದ್ದರು. ಪ್ರತಿ ತಿಂಗಳೂ ಅಮ್ಮ ಅರಸೀಕೆರೆಯಿಂದ ಬೇಲೂರು ಬಸ್ಸಿನ ಕಂಡಕ್ಟರ ಕೈಯಲ್ಲಿ ಒಂದು ಚೀಲ ಕಳಿಸುತ್ತಿದ್ದಳು. ಕೊಬ್ಬರಿ, ಚಕ್ಕುಲಿ, ಅವುಗಳ ನಡುವೆ ಕಾಗದದ ಪೊಟ್ಟಣದಲ್ಲಿ ಬಿಡಿ ಮಾತ್ರೆ. ಅವು ಗಾಳಿಗೆ ಬಿಟ್ಟರೆ ಕೆಡುವ ಮಾತ್ರೆಗಳು ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಮಳೆಗಾಲದಲ್ಲಿ ಬೆಲ್ಲದ ಹಾಗೆ ಅಂಟಂಟಾಗಿ ಒಂದಕ್ಕೊಂದು ಹತ್ತಿಕೊಳ್ಳುತ್ತಿದ್ದವು. ಅತ್ತೆ ಡಬ್ಬಿಯನ್ನು ಒಲೆಯ ಪಕ್ಕದ ಗೂಡಿನಲ್ಲಿ ಬೆಚ್ಚಗಿಟ್ಟರು.

ಎರಡನೇ ವರ್ಷ ನಾನು ಗರ್ಭಿಣಿಯಾದೆ. ಗೊತ್ತಾದ ಕೂಡಲೇ ಹಬ್ಬದ ನೆಪ ಮಾಡಿ ಅರಸೀಕೆರೆಗೆ ಹೋದೆ. "ಅಮ್ಮ, ಈ ಮಾತ್ರೆ ತಗಬಹುದಾ ಅಂತ ಡಾಕ್ಟ್ರನ್ನ ಕೇಳ್ಬೇಕು, ನಡಿ ಹೋಗೋಣ" ಅಂದೆ.

"ನೀನ್ ಬರ್ಬೇಡ. ನಾನೇ ಕೇಳ್ಕಂಡ್ ಬತ್ತೀನಿ" ಎಂದು ಹೋದಳು. ಸಂಜೆ ಬಂದು, "ಕೇಳ್ದೆ ಕಣೇ. ಹಂಗೇ ಮುಂದುವರ್ಸು ಅಂದ್ರು" ಅಂದಳು. ಎದೆಯ ಭಾರವೆಲ್ಲ ಇಳಿದ ಹಾಗಾಯಿತು. ಹೆತ್ತ ತಾಯಿಯ ಮಾತನ್ನು ನಾನು ಇನ್ನು ಯಾರ ಹತ್ತಿರ ಹೋಗಿ ಸರಿಯೋ ತಪ್ಪೋ ಎಂದು ಕೇಳಬೇಕಿತ್ತು ಹೇಳಿ.

ಊರಿಗೆ ಬರುತ್ತಿದ್ದ ನರ್ಸಮ್ಮ ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆ ತಂದರು. ಅತ್ತೆ ಬಾಗಿಲಲ್ಲೇ, "ನಿಮ್ ಸರ್ಕಾರದ್ದು ಬ್ಯಾಡ ಕಣವ್ವ. ನಮ್ ಸೊಸೆ ಅರಸೀಕೆರೆಯಿಂದ ಒಳ್ಳೇದ್ ತರಿಸ್ಕಂಡ್ ತಗತಾಳೆ" ಎಂದು ಹೆಮ್ಮೆಯಿಂದ ಹೇಳಿ ವಾಪಸು ಕಳಿಸಿದರು. ನಾನು ಒಳಗೆ ಕೇಳಿಸಿಕೊಂಡು ನಿಂತಿದ್ದೆ. ಏನಂತ ಹೊರಗೆ ಬರಲಿ.

ಏಳು ತುಂಬುವಾಗ ಹೊಟ್ಟೆ ಇರಬೇಕಾದ್ದಕ್ಕಿಂತ ದೊಡ್ಡದಾಗಿದೆ ಎಂದು ನರ್ಸಮ್ಮನೇ ಸ್ಕ್ಯಾನಿಂಗಿಗೆ ಹಾಸನಕ್ಕೆ ಕಳಿಸಿದರು. ನಾನು, ಅತ್ತೆ, ನಮ್ಮನೆಯವರು ಮೂವರೂ ಹೋದೆವು. ಬೆಂಚಿನ ಮೇಲೆ ಸಾಲಾಗಿ ಬಸುರಿಯರು. ಅತ್ತೆ ಅಷ್ಟರಲ್ಲೇ ಎಲ್ಲರ ಊರು ಮನೆ ವಿಚಾರಿಸಿಕೊಂಡು, ಯಾರಿಗೆ ಗಂಡು ಯಾರಿಗೆ ಹೆಣ್ಣು ಎಂದು ಹೊಟ್ಟೆ ನೋಡಿಯೇ ತೀರ್ಪು ಕೊಡುತ್ತಿದ್ದರು. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ನಮ್ದು ಹೆಣ್ಣೇ ಬುಡು" ಅಂದರು. ನಮ್ಮನೆಯವರು ನಾಚಿಕೊಂಡು ಎಳನೀರು ತರುವ ನೆಪದಲ್ಲಿ ಹೊರಗೆ ಹೋದರು. ಗಂಡಸರನ್ನು ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ನನ್ನ ಜೊತೆ ಅತ್ತೆಯೇ ಬಂದರು.

ಡಾಕ್ಟರಮ್ಮ ಸ್ಕ್ಯಾನಿಂಗನ್ನು ಒಮ್ಮೆ ಮುಗಿಸಿ, ಮತ್ತೆ ಮೊದಲಿಂದ ಮಾಡಿದರು. ಆಮೇಲೆ ಮೇಜಿನ ಹತ್ತಿರ ಕೂರಿಸಿ, "ಏನಾದ್ರೂ ಮಾತ್ರೆ ತಗೋತಾ ಇದ್ದೀಯೇನಮ್ಮ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಹೂಂ ಕಣವ್ವ. ರಕ್ತದ ಮಾತ್ರೆ. ನಾನೇ ಕೈಯಾರೆ ಕೊಡ್ತೀನಿ, ಒಂದ್ ದಿನ ತಪ್ಸಿಲ್ಲ" ಅಂದರು. ಸಂಜೆ ಹೊತ್ತಿಗೆ ವಾಪಸಾಗದಿದ್ದರೆ ಇರಲಿ ಎಂದು ಡಬ್ಬಿಯನ್ನು ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ತೆಗೆದು ಮೇಜಿನ ಮೇಲಿಟ್ಟರು.

ಡಾಕ್ಟರಮ್ಮ ಒಂದು ಮಾತ್ರೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇದು ರಕ್ತದ ಮಾತ್ರೆ ಅಲ್ಲವಲ್ಲ. ಇದರ ಶೀಟ್ ಎಲ್ಲಿ?"

"ಶೀಟು ಗೀಟು ನಂಗೊತ್ತಿಲ್ಲ ಕಣವ್ವ, ಬೀಗಿತಿ ಹಿಂಗೇ ಕಳುಸ್ತಾರೆ" ಎಂದು ಅತ್ತೆ ನನ್ನ ಕಡೆ ತಿರುಗಿದರು.

"ಫಿಟ್ಸ್ ಮಾತ್ರೆ ಮೇಡಂ" ಅಂದೆ. ಮದುವೆಯಾದಂದಿನಿಂದ ಅತ್ತೆಯ ಎದುರು ಆ ಪದವನ್ನು ನಾನು ಆಡಿದ್ದು ಅದೇ ಮೊದಲು. ಮಾತ್ರೆಯ ಹೆಸರು, ಎಷ್ಟು ಪವರಿನದು, ಎಷ್ಟು ವರ್ಷದಿಂದ ಎಂದು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು.

ಅವರು ಪೆನ್ನು ಕೆಳಗಿಟ್ಟರು. ಮಗುವಿನ ಬೆನ್ನುಹುರಿ ಕೂಡಿಕೊಂಡಿಲ್ಲ, ಸೊಂಟದ ಹತ್ತಿರ ತೆರೆದುಕೊಂಡಿದೆ, ತಲೆಯಲ್ಲಿ ನೀರು ತುಂಬಿದೆ ಅಂದರು. "ಈ ಮಾತ್ರೆಯಿಂದ ಹಾಗಾಗಬಹುದು. ಎಲ್ಲರಿಗೂ ಆಗಲ್ಲ. ಆದರೆ ಆಗುತ್ತೆ. ಮಗು ಬೇಕು ಅಂದುಕೊಳ್ಳೋ ಮೊದಲೇ ಹೇಳಿದ್ದರೆ ಬೇರೆ ಮಾತ್ರೆಗೆ ಬದಲಾಯಿಸೋಕೆ ನೋಡ್ತಿದ್ವಿ." ನರ್ಸಮ್ಮ ತಂದ ಮಾತ್ರೆಯನ್ನಾದರೂ ತೆಗೆದುಕೊಂಡಿದ್ದರೆ ತಪ್ಪುತ್ತಿತ್ತೇ ಎಂದು ಕೇಳಿದೆ. ಆ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತೆ ಅಂದರು. ಅತ್ತೆ ಡಬ್ಬಿಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಲು ಹೋದರು. ಡಾಕ್ಟರಮ್ಮ ತಡೆದು, "ಬೇಡಮ್ಮ. ದಿಢೀರ್ ಅಂತ ನಿಲ್ಲಿಸಿದರೆ ಇವಳ ಜೀವಕ್ಕೇ ಅಪಾಯ. ಇವತ್ತಿನದೂ ತಗೋಬೇಕು" ಅಂದರು.

ಹೊರಗೆ ನಿಂತಿದ್ದ ನಮ್ಮನೆಯವರಿಗೆ ವಿಷಯ ತಿಳಿಸಿ ಬಸ್ಸು ಹತ್ತಿದೆವು. ಊರೆಲ್ಲ ಕೇಳುವ ಹಾಗೆ ಮಾತಾಡುವ ಹೆಂಗಸು ಕಿಟಕಿಯ ಸರಳು ಹಿಡಿದು ಸುಮ್ಮನೆ ಕೂತಿದ್ದರು. ಹಳೇಬೀಡಿನಲ್ಲಿ ಇಳಿದು ಮಾದಿಹಳ್ಳಿ ಬಸ್ಸಿಗೆ ಕಾಯುವಾಗ ಬಾಯಿ ಬಿಟ್ಟರು. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದಿರಿ ಎಂದು ಬೈಯುತ್ತಾರೆ ಎಂದುಕೊಂಡಿದ್ದೆ. ಅದನ್ನು ಅನ್ನಲೇ ಇಲ್ಲ.

"ನನ್ ಕೈಲೇ ಕೊಡಿಸ್ಬುಟ್ರಲ್ಲೇ" ಅಂದರು.

ಬೈದಿದ್ದರೆ ಎಷ್ಟೋ ಮೇಲಿತ್ತು. ಆ ಸಂಜೆ ಡಬ್ಬಿಯನ್ನು ನಾನೇ ಬಿಚ್ಚಿ, ನಾನೇ ನುಂಗಿದೆ. ಹೊಟ್ಟೆಯಲ್ಲಿ ಮಗು ಮಿಸುಕುತ್ತಿತ್ತು. ಅದಕ್ಕೆ ಕೆಡುಕು ಮಾಡಿದ್ದೂ ಇದೇ, ನಾನು ಬದುಕಿರಬೇಕಾದರೂ ಇದೇ ಬೇಕು. ಅಂಥ ಮಾತ್ರೆ ಗಂಟಲಲ್ಲಿ ಇಳಿಯುವುದು ಹೇಗಿರುತ್ತದೆ ಎಂದು ನನಗೆ ಬರೆಯಲು ಬರುವುದಿಲ್ಲ.

ಸುದ್ದಿ ತಿಳಿದು ಅಮ್ಮ ಮಾರನೇ ದಿನವೇ ಬಂದಳು. ಅತ್ತೆ ಮಣೆ ಹಾಕಿ ಊಟಕ್ಕೆ ಬಡಿಸಿ ಹಟ್ಟಿಗೆ ಹೋದರು. ಅಮ್ಮ ತುತ್ತು ಎತ್ತಲಿಲ್ಲ. ನಾನು ಕೇಳಿದೆ, "ನಿಜ ಹೇಳು. ಅವತ್ತು ಡಾಕ್ಟ್ರನ್ನ ಕೇಳಿದ್ಯಾ?"

"ಇಲ್ಲ ಕಣೇ" ಅಂದಳು. "ಬಾಗ್ಲ ತಂಕ ಹೋಗಿದ್ದೆ. ಅಲ್ಲಿ ಚೀಟಿ ಕೊಡ್ತಾನಲ್ಲ ಕಾಂಪೌಂಡರು, ಅವ್ನ್ ಹೆಂಡ್ತಿ ಊರು ಮಾದಿಹಳ್ಳಿ ಅಂತೆ. ನಿಂಗೆ ಮದ್ವೆ ಆಗೈತೆ ಅಂತ್ಲೇ ನಾನ್ ಅಲ್ಲಿ ಹೇಳಿಲ್ಲ. ಬೆಂಗ್ಳೂರಲ್ಲಿ ಹೊಲಿಗೆ ಕಲೀತಾವ್ಳೆ ಅಂತ ಹೇಳಿ ಮಾತ್ರೆ ತರ್ತಿದ್ದೆ." ನಾನು ಕೇಳದೆಯೇ ಇನ್ನೊಂದು ಮಾತು ಹೇಳಿದಳು. "ಮದ್ವೆ ಗೊತ್ತಾದ್ರೆ ಮೊದ್ಲು ಕರ್ಕಂಡ್ ಬನ್ನಿ ಅಂತ ಡಾಕ್ಟ್ರು ನಂಗೆ ಒಂದ್ಸಲ ಹೇಳಿದ್ರು ಕಣೇ. ಯಾಕೆ ಅಂತ ನಾನ್ ಕೇಳ್ಲಿಲ್ಲ."

ನಾನು ಅವಳ ಮೇಲೆ ಕೂಗಾಡಲಿಲ್ಲ. ಎದುರಿಗೆ ಕೂತಿದ್ದವಳು ಆ ಒಂದೇ ದಿನದಲ್ಲಿ ಮುದುಕಿಯಾಗಿದ್ದಳು. ಮಗಳು ಬಾಳಲಿ ಎಂದು ಮಾಡಿದ್ದಳು. ಹಾಗೆಂದು ಕ್ಷಮಿಸಿದೆ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಅವಳು ಸಾಯುವ ತನಕ ನಮ್ಮಿಬ್ಬರ ಮಧ್ಯೆ ಅದು ಇತ್ತು. ಅವಳ ಕೊನೆಗಾಲದಲ್ಲಿ ನಾನೇ ಹತ್ತಿರವಿದ್ದು ನೋಡಿಕೊಂಡೆ, ಮೀಯಿಸಿದೆ, ಉಣ್ಣಿಸಿದೆ. ಆ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ನಮ್ಮನೆಯವರು ಒಂದೇ ಒಂದು ಸಲ ಕೇಳಿದರು. "ನಂಗಾದ್ರೂ ಹೇಳ್ಬೋದಿತ್ತಲ್ಲ?"

"ಮೊದ್ಲೇ ಹೇಳಿದ್ರೆ ಮದ್ವೆ ಆಗ್ತಿದ್ರಾ?" ಅಂದೆ.

"ಗೊತ್ತಿಲ್ಲ ಕಣೇ" ಅಂದರು. ಅವತ್ತು ಸುಳ್ಳು ಹೇಳಿ ಸಮಾಧಾನ ಮಾಡದೆ ಇದ್ದದ್ದಕ್ಕೆ ನನಗೆ ಅವರ ಮೇಲೆ ಇವತ್ತಿಗೂ ಗೌರವ.

ಹೆರಿಗೆ ಹಾಸನದ ಆಸ್ಪತ್ರೆಯಲ್ಲಾಯಿತು. ಹೆಣ್ಣು. ಅತ್ತೆ ಅಂದಿದ್ದು ಸರಿಯಾಗಿತ್ತು. ಮುಖ ಎಷ್ಟು ಚೆಂದ ಅಂದರೆ, ಬಟ್ಟೆ ಸುತ್ತಿ ಮುಖ ಮಾತ್ರ ತೋರಿಸಿದರೆ ಯಾರೂ ಏನೂ ಹೇಳುವ ಹಾಗಿರಲಿಲ್ಲ. ಬೆನ್ನಿನ ಕೆಳಗೆ ತೆಳು ಚರ್ಮದ ಒಂದು ಗುಳ್ಳೆ. ಕಾಲುಗಳು ಆಡುತ್ತಿರಲಿಲ್ಲ. ಬೆಂಗಳೂರಿಗೆ ಕಳಿಸಿ ಆಪರೇಷನ್ ಮಾಡಿಸಬೇಕು, ಅದಕ್ಕೆ ಮೊದಲು ಸ್ವಲ್ಪ ಗಟ್ಟಿಯಾಗಬೇಕು ಅಂದರು. ಮಗುವನ್ನು ಅಂಗಾತ ಮಲಗಿಸುವ ಹಾಗಿರಲಿಲ್ಲ. ನನಗೆ ಕೂರಲು ಶಕ್ತಿಯಿರಲಿಲ್ಲ. ಅತ್ತೆ ಎದೆಯ ಮೇಲೆ ಕವುಚಿ ಹಾಕಿಕೊಂಡು, ಗುಳ್ಳೆಗೆ ಏನೂ ತಾಗದ ಹಾಗೆ ಅಂಗೈ ಮರೆ ಮಾಡಿಕೊಂಡು ಗೋಡೆಗೊರಗಿ ಕೂರುತ್ತಿದ್ದರು. ಹಾಲಿಗೆ ನನ್ನ ಹತ್ತಿರ ತಂದು, ಕುಡಿಸಿಕೊಂಡು, ಮತ್ತೆ ಎದೆಗೆ ಹಾಕಿಕೊಳ್ಳುತ್ತಿದ್ದರು. ನನ್ನ ಜೊತೆ ಆಗಲೂ ಹೆಚ್ಚು ಮಾತಿಲ್ಲ. ಮಗುವಿನ ಕಿವಿಯಲ್ಲಿ ಮಾತ್ರ ಏನೇನೋ ಪಿಸುಗುಡುತ್ತಿದ್ದರು.

ಜ್ವರ ಬಂತು. ಸೋಂಕು ಅಂದರು. ಎರಡು ವಾರ ತುಂಬುವ ಮೊದಲೇ ಹೋಯಿತು, ಅತ್ತೆಯ ಎದೆಯ ಮೇಲೆಯೇ. ಅವರಿಗೆ ತಕ್ಷಣ ಗೊತ್ತಾಗಿದೆ. ಆದರೂ ನನಗೆ ಹೇಳದೆ, ನಾನು ಆಸ್ಪತ್ರೆಯ ಗಂಜಿ ಕುಡಿದು ಮುಗಿಸುವ ತನಕ ಹಾಗೆಯೇ ತಟ್ಟುತ್ತಾ ಕೂತಿದ್ದರು. ಮಣ್ಣು ಮಾಡಲು ಅವರೂ ನಮ್ಮನೆಯವರೂ ಹೋದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಎದೆಹಾಲು ಕಟ್ಟಿಕೊಂಡು ನೋವು ತಡೆಯಲಾರದೆ ನಾನು ಹಾಸಿಗೆಯಲ್ಲಿ ಅಳುತ್ತಾ ಮಲಗಿದ್ದೆ. ಪಕ್ಕದ ಹಾಸಿಗೆಯ ಹೆಂಗಸು ತನ್ನ ಮಗುವನ್ನು ಆ ಕಡೆ ತಿರುಗಿಸಿಕೊಂಡು ಹಾಲು ಕುಡಿಸಿದಳು. ಅವಳ ಹೆಸರೂ ನನಗೆ ಗೊತ್ತಿಲ್ಲ, ಆ ದಯೆಯನ್ನು ಮರೆತಿಲ್ಲ.

ಮುಂದಿನ ವರ್ಷ ಹಾಸನದಲ್ಲಿ ಸರಿಯಾಗಿ ತೋರಿಸಿದೆವು, ಗಂಡ ಹೆಂಡತಿ ಇಬ್ಬರೂ ಕೂತು. ಹಳೆಯದನ್ನು ನಿಧಾನವಾಗಿ ಇಳಿಸಿ ಬೇರೆ ಮಾತ್ರೆ ಏರಿಸಿದರು. ಅದು ಎಷ್ಟೋ ಹೆಂಗಸರಿಗೆ ಹಿಡಿದಿದೆ, ಅವರೆಲ್ಲ ಆರೋಗ್ಯವಾದ ಮಕ್ಕಳನ್ನು ಹೆತ್ತಿದ್ದಾರೆ. ಇದನ್ನು ಓದುವ ಹುಡುಗಿಯರು ನನ್ನ ಕತೆಯನ್ನೇ ತಮ್ಮ ಹಣೆಬರಹ ಎಂದುಕೊಳ್ಳಬೇಡಿ. ನಿಮ್ಮ ಮಾತ್ರೆಯ ಹೆಸರು ತಿಳಿದುಕೊಳ್ಳಿ, ಡಾಕ್ಟರ ಎದುರು ನೀವೇ ಹೋಗಿ ಕೂತುಕೊಳ್ಳಿ, ಮದುವೆ ಮಕ್ಕಳ ಮಾತು ಬಂದಾಗ ಮೊದಲು ಅವರಿಗೆ ಹೇಳಿ. ಹೆದರಿ ನೀವಾಗಿಯೇ ನಿಲ್ಲಿಸಬೇಡಿ. ನನಗೆ ಆ ಹೊಸದು ಹಿಡಿಯಲಿಲ್ಲ, ಅಷ್ಟೆ. ಒಲೆಯ ಮುಂದೆ ಮುದ್ದೆ ತಿರುವುವಾಗ ಬಂದ ಫಿಟ್ಸಿನಲ್ಲಿ ಎಡಗೈ ಮೊಣಕೈಯವರೆಗೆ ಸುಟ್ಟಿತು. ಇನ್ನೂ ಒಂದನ್ನು ನೋಡಿದರು, ಅದಕ್ಕೆ ಮೈಯೆಲ್ಲ ಕೆಂಪಗೆ ಗಂಧೆ ಎದ್ದಿತು. ಕೊನೆಗೆ ನಮ್ಮನೆಯವರೇ, "ಸಾಕು, ನೀನು ಇರು" ಅಂದರು. ಹಳೆಯ ಮಾತ್ರೆಗೇ ವಾಪಸು ಬಂದೆ. ಮಕ್ಕಳ ಆಸೆಯನ್ನು ಅಲ್ಲಿಗೆ ಬಿಟ್ಟೆವು.

ಅತ್ತೆ ಮತ್ತೆ ಯಾವತ್ತೂ ನನ್ನ ಮಾತ್ರೆ ಮುಟ್ಟಲಿಲ್ಲ. ನನಗೆ ಜ್ವರ ಬಂದು ಏಳಲಾಗದಿದ್ದಾಗಲೂ ಮಗನನ್ನು ಡೇರಿಯಿಂದ ಕರೆಸಿ ಅವರ ಕೈಯಲ್ಲಿ ಕೊಡಿಸಿದರು. ಹಾಲಿನ ಲೋಟವನ್ನು ಮಾತ್ರ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದರು. ಸಿಟ್ಟೋ ದುಃಖವೋ ನನಗೆ ತಿಳಿಯುತ್ತಿರಲಿಲ್ಲ. ಮಗುವಿನ ಮಾತು ಆ ಮನೆಯಲ್ಲಿ ಬರಲೇ ಇಲ್ಲ. ಅವರ ಮನಸ್ಸಿನಲ್ಲಿ ಅದು ಅಳಿಸಿಹೋಗಿದೆ, ನನಗೊಬ್ಬಳಿಗೇ ಉಳಿದಿದೆ ಎಂದುಕೊಂಡು ಎಷ್ಟೋ ಸಲ ಒಳಗೊಳಗೇ ಕುದಿದಿದ್ದೇನೆ.

ಹೀಗಿರುವಾಗ ಒಂದು ವರ್ಷ ಅವರೆಕಾಯಿ ಕಾಲದಲ್ಲಿ ಜನಗಣತಿಗೆಂದು ಶಾಲೆಯ ಮೇಷ್ಟರೊಬ್ಬರು ಬಂದು ಜಗಲಿಯ ಮೇಲೆ ಕೂತರು. ನಾನು ಬಾಗಿಲಲ್ಲಿ ನಿಂತು ಹೆಸರು ವಯಸ್ಸು ಹೇಳುತ್ತಿದ್ದೆ. ಅತ್ತೆ ಆ ಕಡೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಮಕ್ಳು?" ಎಂದರು ಮೇಷ್ಟರು.

"ಇಲ್ಲ ಸಾರ್."

ಅವರು ಹಾಳೆ ನೋಡಿಕೊಂಡು ದನಿ ತಗ್ಗಿಸಿ, "ಕೇಳ್ಲೇಬೇಕು ಕಣಮ್ಮ, ಬೇಜಾರ್ ಮಾಡ್ಕೋಬೇಡಿ. ಹುಟ್ಟಿ ತೀರ್ಕೊಂಡಿದ್ದು ಏನಾದ್ರೂ..." ಅಂದರು. ನಾನು ತಲೆ ಅಲ್ಲಾಡಿಸಿ ಇಲ್ಲ ಅನ್ನಲು ಹೊರಟೆ.

"ಐತೆ, ಬರ್ಕಳಿ ಮೇಷ್ಟ್ರೇ" ಅಂದರು ಅತ್ತೆ. ಕೈ ಕಾಯಿ ಸುಲಿಯುತ್ತಲೇ ಇತ್ತು. "ಒಂದು. ಹೆಣ್ಣು. ಹಾಲ್ ಕುಡೀತು, ಕಣ್ ಬುಟ್ ನೋಡ್ತು, ಆಮ್ಯಾಕ್ ಹೋಯ್ತು. ಹೆಸ್ರು ಗೌರಿ ಅಂತ ಬರ್ಕಳಿ."

"ಹೆಸರಿಗೆ ಇದ್ರಲ್ಲಿ ಜಾಗ ಇಲ್ಲ ಕಣಮ್ಮ. ತೀರ್ಕೊಂಡವರ ಹೆಸರು ಬರೆಯಂಗಿಲ್ಲ."

"ಬರೀದಿದ್ರೆ ಬುಡಿ. ಅವ್ಳ ಹೆಸ್ರು ಗೌರಿ."

ನಾವು ಮಗುವಿಗೆ ನಾಮಕರಣ ಮಾಡಿರಲಿಲ್ಲ. ನನ್ನ ಮಗಳ ಹೆಸರನ್ನು ನಾನು ಕೇಳಿದ್ದು ಅವತ್ತೇ ಮೊದಲು.